ವಯಸ್ಸಾದಂತೆ ಹಲ್ಲು ಹೆಚ್ಚಬೇಕು

ವಯಸ್ಸಾದಂತೆ ಬಾಯಿಯಲ್ಲಿ ಹಲ್ಲು ಕಡಿಮೆಯಾಗುತ್ತ ಹೋಗುವುದು ಎಲ್ಲರಿಗೂ ಗೊತ್ತು. ಆದರೆ ಸೈಕಲ್ಲಿನ ಹಿಂದಿನ ಗಾಲಿಯ ಹಲ್ಲು ಮಾತ್ರ ಸವಾರನಿಗೆ ವಯಸ್ಸಾದಂತೆ ಹೆಚ್ಚಬೇಕು. ಇದು ತಮಾಷೆಗೆ ಹೇಳಿದ ಮಾತಲ್ಲ. ಹೈಸ್ಕೂಲಿನ ವಿಜ್ಞಾನದಲ್ಲಿ ಬರುವ ಸರಳ ಯಂತ್ರಗಳ ಪಾಠವನ್ನು ಸ್ವಲ್ಪ ಮುಂದಕ್ಕೆ ಎಳೆದರೆ ಸಿಗುವ ಉತ್ತರ. ಮಕ್ಕಳು ಆ ಪಾಠವನ್ನು ಪರೀಕ್ಷೆಗೆಂದು ಓದಿ ಮರೆಯುತ್ತಾರೆ. ದೊಡ್ಡವರು ಅದನ್ನು ದಿನಾ ತುಳಿಯುತ್ತಿದ್ದರೂ ಗಮನಿಸಿರುವುದಿಲ್ಲ.

ನಮ್ಮ ನಾಲ್ಕು ತಾಲ್ಲೂಕುಗಳ ನೆಲವನ್ನೇ ನೋಡಿ. ಕೆ.ಆರ್. ನಗರದ ಕಡೆ ಕಾವೇರಿಯ ನಾಲೆ, ಗದ್ದೆ ಬಯಲು. ಅಲ್ಲಿ ಎಂಥ ಸೈಕಲ್ಲಾದರೂ ನಡೆಯುತ್ತದೆ. ಹುಣಸೂರಿನಲ್ಲಿ ಲಕ್ಷ್ಮಣತೀರ್ಥ ದಾಟಿ ಪಿರಿಯಾಪಟ್ಟಣದ ಕಡೆಗೋ, ಎಚ್.ಡಿ. ಕೋಟೆಯ ಹಳ್ಳಿಗಳ ಕಡೆಗೋ ಹೊರಟರೆ ನೆಲದ ಸ್ವಭಾವ ಬದಲಾಗುತ್ತದೆ. ಒಂದು ದಿಣ್ಣೆ ಹತ್ತಿ ಇಳಿಯುವಷ್ಟರಲ್ಲಿ ಇನ್ನೊಂದು ದಿಣ್ಣೆ. ಪಿರಿಯಾಪಟ್ಟಣದಾಚೆ ಕುಶಾಲನಗರ ದಾಟಿದರಂತೂ ಮಡಿಕೇರಿಯ ಏರು ಶುರು. ಮೈಸೂರಿನ ಕಡೆ ಹೋದರೆ ಸಮುದ್ರಮಟ್ಟದಿಂದ ಸುಮಾರು 1060 ಮೀಟರ್ ಎತ್ತರದ ಚಾಮುಂಡಿಬೆಟ್ಟ. ಮೈಸೂರು ನಗರ ಇರುವುದು ಸುಮಾರು 770 ಮೀಟರಿನಲ್ಲಿ. ಉಳಿದ ಎತ್ತರವನ್ನು ನಮ್ಮ ಕಾಲೇ ಕೊಡಬೇಕು.

ಈ ದಿಣ್ಣೆಗಳ ಮೇಲೆ ಬೆಳಿಗ್ಗೆ ಏಳೂವರೆ, ಎಂಟರ ಹೊತ್ತಿಗೆ ನಿಂತರೆ ಎರಡು ದೃಶ್ಯ ಕಾಣುತ್ತವೆ. ಶಾಲೆಗೆ ಹೊರಟ ಹುಡುಗ ಹುಡುಗಿಯರು ಸೀಟು ಬಿಟ್ಟು ಎದ್ದು, ಪೆಡಲಿನ ಮೇಲೆ ನಿಂತು ತುಳಿಯುತ್ತಿರುತ್ತಾರೆ. ಡೇರಿಗೆ ಹಾಲಿನ ಕ್ಯಾನ್ ಒಯ್ಯುವ ಅಪ್ಪನೋ ತಾತನೋ ಇಳಿದು ಸೈಕಲ್ ತಳ್ಳುತ್ತಿರುತ್ತಾರೆ. ಕೇಳಿದರೆ 'ಇನ್ನೇನು, ವಯಸ್ಸಾಯ್ತಲ್ಲ' ಎನ್ನುತ್ತಾರೆ. ಕೆಲವು ತಿಂಗಳಾದ ಮೇಲೆ ಆ ಸೈಕಲ್ ಕೊಟ್ಟಿಗೆಯ ಗೋಡೆಗೆ ಒರಗುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಬರುವ ವಯಸ್ಸಿನಲ್ಲೇ ಇದ್ದ ಒಂದೇ ವ್ಯಾಯಾಮವೂ ನಿಂತುಹೋಗುತ್ತದೆ. ತಪ್ಪು ಪೂರ್ತಿ ವಯಸ್ಸಿನದೇ? ಲೆಕ್ಕ ಹಾಕಿ ನೋಡೋಣ.

ಒಂದು ಸುತ್ತಿಗೆ ಎಷ್ಟು ದೂರ?

ನಿಮ್ಮ ಮನೆಯ ಸಾಮಾನ್ಯ ಕರಿ ಸೈಕಲ್ಲನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ಪೆಡಲಿಗೆ ಅಂಟಿಕೊಂಡ ದೊಡ್ಡ ಹಲ್ಲಿನ ಚಕ್ರದಲ್ಲಿ ಎಷ್ಟು ಹಲ್ಲಿವೆ, ಹಿಂದಿನ ಫ್ರೀವೀಲಿನಲ್ಲಿ ಎಷ್ಟಿವೆ ಎಣಿಸಿ. ಮುಂದೆ 44, ಹಿಂದೆ 18 ಇವೆ ಎಂದಿಟ್ಟುಕೊಳ್ಳಿ. 44ನ್ನು 18ರಿಂದ ಭಾಗಿಸಿದರೆ 2.44. ಅಂದರೆ ಪೆಡಲ್ ಒಂದು ಸುತ್ತು ತಿರುಗಿದಾಗ ಹಿಂದಿನ ಗಾಲಿ ಸುಮಾರು ಎರಡೂವರೆ ಸುತ್ತು ತಿರುಗುತ್ತದೆ. ಗಾಲಿಯ ಸುತ್ತಳತೆ ಸುಮಾರು 2.2 ಮೀಟರ್. ಆದ್ದರಿಂದ ನಮ್ಮ ಕಾಲಿನ ಒಂದು ಸುತ್ತಿಗೆ ಸೈಕಲ್ 5.4 ಮೀಟರ್ ಮುಂದೆ ಹೋಗುತ್ತದೆ.

ಈಗ ಪೆಡಲ್ ಸುತ್ತುವ ವೃತ್ತವನ್ನು ಅಳೆಯಿರಿ. ಕ್ರ್ಯಾಂಕಿನ ಉದ್ದ 17 ಸೆಂಟಿಮೀಟರ್ ಆದರೆ ವೃತ್ತದ ಸುತ್ತಳತೆ 1.07 ಮೀಟರ್. ನಮ್ಮ ಪಾದ ಸುಮಾರು ಒಂದು ಮೀಟರ್ ಚಲಿಸಿದರೆ ಸೈಕಲ್ ಐದು ಮೀಟರ್ ಚಲಿಸುತ್ತದೆ. ದೂರದಲ್ಲಿ ಐದು ಪಟ್ಟು ಲಾಭ! ಆದರೆ ಪ್ರಕೃತಿಯ ಅಂಗಡಿಯಲ್ಲಿ ಪುಕ್ಕಟೆ ಏನೂ ಸಿಗುವುದಿಲ್ಲ. ದೂರದಲ್ಲಿ ಐದು ಪಟ್ಟು ಪಡೆದವರು ಬಲದಲ್ಲಿ ಐದು ಪಟ್ಟು ತೆರಬೇಕು. ಸನ್ನೆಗೋಲಿನ ನಿಯಮವೂ ಇದೇ ತಾನೆ?

ಸವಾರನ ತೂಕ 65 ಕಿಲೋ, ಸೈಕಲ್ಲಿನದು 20 ಕಿಲೋ, ಒಟ್ಟು 85 ಕಿಲೋ ಆಗಿರಲಿ. ನೂರು ಮೀಟರ್ ಹೋದರೆ ಐದು ಮೀಟರ್ ಮೇಲೇರುವ ರಸ್ತೆ ಬಂತು. ಇದಕ್ಕೆ ಶೇಕಡಾ 5ರ ಏರು ಎನ್ನುತ್ತಾರೆ. ಆಗ ಸೈಕಲ್ಲನ್ನು ಹಿಂದಕ್ಕೆ ಎಳೆಯುವ ಬಲ 85ರಲ್ಲಿ ಶೇಕಡಾ 5, ಅಂದರೆ ಸುಮಾರು ನಾಲ್ಕೂಕಾಲು ಕಿಲೋ. ಗಾಳಿ, ಘರ್ಷಣೆ ಸದ್ಯಕ್ಕೆ ಬಿಡಿ. ಇದರ ಐದು ಪಟ್ಟನ್ನು ಪೆಡಲಿನ ಮೇಲೆ ಒತ್ತಬೇಕು, ಅಂದರೆ ಸುತ್ತಿನುದ್ದಕ್ಕೂ ಸರಾಸರಿ 21 ಕಿಲೋ. ಆದರೆ ನಾವು ಬಲ ಕೊಡುವುದು ಪೆಡಲ್ ಕೆಳಗಿಳಿಯುವಾಗ ಮಾತ್ರ. ಮೇಲೆ ಕೆಳಗೆ ಎರಡು ಬಿಂದುಗಳಲ್ಲಿ ಕಾಲಿಗೆ ಹಿಡಿತವೇ ಇರುವುದಿಲ್ಲ. ಹಾಗಾಗಿ ಜೋರಾಗಿ ತುಳಿಯುವ ಗಳಿಗೆಯಲ್ಲಿ ಒತ್ತಡ ಹೆಚ್ಚುಕಡಿಮೆ ಇದರ ಎರಡರಷ್ಟಾಗುತ್ತದೆ, ಅಂದರೆ ನಲವತ್ತು ಕಿಲೋ ದಾಟುತ್ತದೆ.

ಏರು ಶೇಕಡಾ 10 ಆದರೆ? ಎಲ್ಲವೂ ಇಮ್ಮಡಿ. ಸರಾಸರಿ 42 ಕಿಲೋ, ತುಳಿಯುವ ಗಳಿಗೆಯಲ್ಲಿ 80 ಕಿಲೋಗೂ ಹೆಚ್ಚು. ಸವಾರನ ತೂಕವೇ 65! ಮೈಭಾರವನ್ನೆಲ್ಲ ಒಂದು ಪೆಡಲಿನ ಮೇಲೆ ಹಾಕಿದರೂ ಸಾಲದು. ಹ್ಯಾಂಡಲ್ ಹಿಡಿದು ಜಗ್ಗಿ, ಮೈಯನ್ನು ಕೆಳಕ್ಕೆ ಒತ್ತಬೇಕು. ಹದಿನೆಂಟರ ಹುಡುಗ ಹಾಗೆ ಹತ್ತು ಮಾರು ಹತ್ತಬಲ್ಲ. ಐವತ್ತೈದರ ಅಪ್ಪ ಇಳಿದು ತಳ್ಳುತ್ತಾರೆ. ಅವರು ಇಳಿದದ್ದು ಸೋಮಾರಿತನದಿಂದಲ್ಲ, ಲೆಕ್ಕವೇ ಅವರನ್ನು ಇಳಿಸಿತು.

ಮೂಟೆ ಮತ್ತು ಮಂಕರಿ

ಈಗ ಗೇರಿನ ಸೈಕಲ್ ತೆಗೆದುಕೊಳ್ಳಿ. ಮುಂದಿನ ಚಿಕ್ಕ ಚಕ್ರದಲ್ಲಿ 24 ಹಲ್ಲು, ಹಿಂದಿನ ಅತಿ ದೊಡ್ಡ ಚಕ್ರದಲ್ಲಿ 28 ಹಲ್ಲು. ಅನುಪಾತ 0.86. ಪೆಡಲಿನ ಒಂದು ಸುತ್ತಿಗೆ ಸೈಕಲ್ ಹೋಗುವುದು 1.8 ಮೀಟರ್ ಮಾತ್ರ. ಅದೇ 85 ಕಿಲೋ, ಅದೇ ಶೇಕಡಾ 5ರ ಏರು. ಪೆಡಲಿನ ಮೇಲೆ ಬೇಕಾದ ಸರಾಸರಿ ಬಲ 21 ಕಿಲೋದಿಂದ 7 ಕಿಲೋಗೆ ಇಳಿಯುತ್ತದೆ, ಮೂರರಲ್ಲಿ ಒಂದು ಭಾಗ. ಆದರೆ ಒಂದು ಕಿಲೋಮೀಟರ್ ಹತ್ತಲು ಕರಿ ಸೈಕಲ್ಲಿನಲ್ಲಿ ಸುಮಾರು 185 ಸುತ್ತು ಸಾಕಾಗಿತ್ತು. ಇಲ್ಲಿ 560 ಸುತ್ತು ಬೇಕು. ಬಲ ಮೂರನೇ ಒಂದು, ಸುತ್ತು ಮೂರು ಪಟ್ಟು. ಒಟ್ಟು ಕೆಲಸದಲ್ಲಿ ಕಿಂಚಿತ್ತೂ ಉಳಿತಾಯವಿಲ್ಲ.

ಉಳಿತಾಯವಿಲ್ಲದ ಮೇಲೆ ಲಾಭವೇನು ಎಂದು ಕೇಳುವ ವಿದ್ಯಾರ್ಥಿ ಜಾಣ. ಅವನಿಗೆ ಉತ್ತರ ಮನೆಯ ಅಟ್ಟದಲ್ಲೇ ಇದೆ. ಐವತ್ತು ಕಿಲೋ ರಾಗಿಯನ್ನು ಅಟ್ಟಕ್ಕೆ ಏರಿಸಬೇಕು. ಇಪ್ಪತ್ತೈದರ ವಯಸ್ಸಿನಲ್ಲಿ ಅಪ್ಪ ಮೂಟೆಯನ್ನೇ ಹೆಗಲಿಗೇರಿಸಿ ಒಂದೇ ಸಲಕ್ಕೆ ಹತ್ತಿಸುತ್ತಿದ್ದರು. ಈಗ ಐದು ಮಂಕರಿ ಮಾಡಿ ಐದು ಸಲ ಏರಿಸುತ್ತಾರೆ. ಅಟ್ಟ ಸೇರಿದ ರಾಗಿ ಅಷ್ಟೇ. ಆದರೆ ಬೆನ್ನು ಉಳಿಯಿತು. ಚಿಕ್ಕ ಗೇರ್ ಮಾಡುವುದೂ ಇದನ್ನೇ. ಏರನ್ನು ಮೂಟೆಯಿಂದ ಮಂಕರಿಗೆ ಬದಲಾಯಿಸುತ್ತದೆ.

ವಯಸ್ಸು ಕಸಿಯುವುದು ಯಾವುದನ್ನು?

ವಯಸ್ಸು ನಮ್ಮ ಶಕ್ತಿಯನ್ನೆಲ್ಲ ಒಂದೇ ಪ್ರಮಾಣದಲ್ಲಿ ಕಡಿಮೆ ಮಾಡುವುದಿಲ್ಲ. ಸ್ನಾಯುವಿನಲ್ಲಿ ಸ್ಥೂಲವಾಗಿ ಎರಡು ಬಗೆಯ ಎಳೆಗಳಿವೆ. ಒಂದು ಬಗೆ ಥಟ್ಟನೆ ಸಂಕುಚಿಸಿ ಭಾರಿ ಬಲ ಕೊಟ್ಟು ಬೇಗ ದಣಿಯುತ್ತದೆ. ಓಡಿ ಬಸ್ಸು ಹತ್ತುವಾಗ, ಮೂಟೆ ಎತ್ತುವಾಗ, ಏರಿನಲ್ಲಿ ಎದ್ದು ನಿಂತು ತುಳಿಯುವಾಗ ಕೆಲಸ ಮಾಡುವುದು ಮುಖ್ಯವಾಗಿ ಇವು. ಇನ್ನೊಂದು ಬಗೆ ನಿಧಾನ. ಬಲ ಕಡಿಮೆ, ಆದರೆ ಗಂಟೆಗಟ್ಟಲೆ ದುಡಿಯುತ್ತದೆ. ವಯಸ್ಸಾದಂತೆ ಹೆಚ್ಚು ಸೊರಗುವುದು ಮೊದಲನೆಯ ಬಗೆಯ ಎಳೆಗಳು. ನಿಧಾನದ ಎಳೆಗಳು ಹೆಚ್ಚು ಕಾಲ ಬಾಳುತ್ತವೆ. ಆದ್ದರಿಂದಲೇ ಐವತ್ತು ದಾಟಿದವರು ದಿನವಿಡೀ ಹೊಲದಲ್ಲಿ ನಡೆದಾಡಬಲ್ಲರು, ಆದರೆ ಮೂಟೆ ಎತ್ತಲು ಮಗನನ್ನು ಕರೆಯುತ್ತಾರೆ.

ಹೃದಯ, ಶ್ವಾಸಕೋಶಗಳ ಸಾಮರ್ಥ್ಯವೂ ಮೂವತ್ತರ ನಂತರ ಪ್ರತಿ ಹತ್ತು ವರ್ಷಕ್ಕೆ ಸುಮಾರು ಶೇಕಡಾ 10ರಷ್ಟು ಇಳಿಯುತ್ತದೆ. ನಿಯಮಿತ ವ್ಯಾಯಾಮ ಮಾಡುವವರಲ್ಲಿ ಈ ಇಳಿಕೆ ನಿಧಾನ. ಹಾಗಾಗಿ ವಯಸ್ಸಾದವರು ಸೈಕಲ್ ಬಿಡಬಾರದು. ಬಿಡಬೇಕಾದದ್ದು ಭಾರಿ ಬಲ ಬೇಡುವ ಗೇರನ್ನು.

ಮಂಡಿಯ ಮಾತೂ ಇಲ್ಲಿ ಬರುತ್ತದೆ. ಮಂಡಿ ಮಡಚಿದ ಸ್ಥಿತಿಯಲ್ಲಿ ಜೋರಾಗಿ ಒತ್ತಿದಾಗ ಮಂಡಿಚಿಪ್ಪು ತೊಡೆಯ ಮೂಳೆಯ ಮೇಲೆ ಒತ್ತಿಕೊಳ್ಳುತ್ತದೆ. ಪೆಡಲಿನ ಬಲ ಹೆಚ್ಚಿದಷ್ಟೂ ಈ ಒತ್ತಡ ಹೆಚ್ಚು. ಸೀಟು ತೀರ ತಗ್ಗಾಗಿದ್ದರೆ ಇನ್ನೂ ಹೆಚ್ಚು. 'ಸೈಕಲ್ ತುಳಿದರೆ ಮಂಡಿ ನೋವು' ಎಂದು ದೂರುವವರಲ್ಲಿ ಅನೇಕರ ಸೀಟನ್ನು ಒಮ್ಮೆ ಪರೀಕ್ಷಿಸಬೇಕು. ಸೀಟಿನ ಮೇಲೆ ಕುಳಿತು ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ನೇರವಾಗಬೇಕು. ಆಮೇಲೆ ಮುಂಗಾಲಿನಿಂದ ತುಳಿದರೆ ಮಂಡಿ ತಕ್ಕಷ್ಟೇ ಮಡಚುತ್ತದೆ. ಇದಕ್ಕೆ ಒಂದು ಪಾನೆ ಸಾಕು, ಖರ್ಚಿಲ್ಲ.

ವಯಸ್ಸಿನ ಬಗ್ಗೆ ಧೈರ್ಯ ತುಂಬುವ ಒಂದು ಉದಾಹರಣೆ ಫ್ರಾನ್ಸಿನ ರಾಬರ್ಟ್ ಮಾರ್ಷಾನ್ ಅವರದು. 2017ರ ಜನವರಿಯಲ್ಲಿ, ತಮ್ಮ 105ನೇ ವಯಸ್ಸಿನಲ್ಲಿ, ಅವರು ಒಂದು ಗಂಟೆಯಲ್ಲಿ 22.5 ಕಿಲೋಮೀಟರ್ ಸೈಕಲ್ ತುಳಿದು ದಾಖಲೆ ಮಾಡಿದರು. 2021ರಲ್ಲಿ, 109 ವರ್ಷದವರಾಗಿದ್ದಾಗ ತೀರಿಕೊಂಡರು. ಅವರನ್ನು 101ರಿಂದ 103ನೇ ವಯಸ್ಸಿನವರೆಗೆ ಅಲ್ಲಿನ ವಿಜ್ಞಾನಿಗಳು ತರಬೇತಿ ಕೊಟ್ಟು ಪರೀಕ್ಷಿಸಿದ್ದರು. ಆ ಎರಡು ವರ್ಷದಲ್ಲಿ ಅವರ ಗರಿಷ್ಠ ತುಳಿತದ ಸಾಮರ್ಥ್ಯ 90 ವಾಟ್‌ನಿಂದ 125 ವಾಟ್‌ಗೆ ಏರಿತು. ಹೇಗೆ? ಮುಖ್ಯವಾಗಿ ತುಳಿತದ ವೇಗ ಹೆಚ್ಚಿದ್ದರಿಂದ. ಪೆಡಲ್ ತಿರುಗಿಸುವ ಗರಿಷ್ಠ ವೇಗ ನಿಮಿಷಕ್ಕೆ 69 ಸುತ್ತಿನಿಂದ 90 ಸುತ್ತಿಗೆ ಹೋಯಿತು. ನೂರು ದಾಟಿದ ಸ್ನಾಯು ಕೂಡ ಮಂಕರಿ ಲೆಕ್ಕವನ್ನು ಕಲಿಯಬಲ್ಲದು ಎಂದಾಯಿತು.

ನಾಚಿಕೆ ಏಕೆ?

ಚಿಕ್ಕ ಗೇರ್ ಹಾಕುವುದೆಂದರೆ ಸೋಲು ಎಂಬ ಭಾವನೆ ನಮ್ಮ ಹುಡುಗರಲ್ಲಿ ಮಾತ್ರವಲ್ಲ, ಸೈಕಲ್ಲಿನ ತವರಿನಲ್ಲೂ ಇತ್ತು. ಟೂರ್ ದ ಫ್ರಾನ್ಸ್ ಎಂಬ ಜಗತ್ಪ್ರಸಿದ್ಧ ಸ್ಪರ್ಧೆಯನ್ನು 1903ರಲ್ಲಿ ಆರಂಭಿಸಿದ ಆನ್ರಿ ದೆಗ್ರಾಂಜ್, ಅದರ ಹಿಂದಿನ ವರ್ಷ ಒಂದು ಮಾತು ಬರೆದಿದ್ದರು. ಬದಲಾಯಿಸುವ ಗೇರು ಏನಿದ್ದರೂ ನಲವತ್ತೈದು ದಾಟಿದವರಿಗೆ, ಗಂಡಸಾದವನು ಸ್ನಾಯುಬಲದಿಂದಲೇ ಗೆಲ್ಲಬೇಕು ಎಂಬರ್ಥದ ಮಾತು. ಆ ಸ್ಪರ್ಧೆಯಲ್ಲಿ ಗೇರ್ ಬದಲಾಯಿಸುವ ಸಾಧನಕ್ಕೆ ಅನುಮತಿ ಸಿಕ್ಕಿದ್ದು 1937ರಲ್ಲಿ. ಅಲ್ಲಿಯವರೆಗೆ ಸವಾರರು ಗಾಲಿಯ ಎರಡೂ ಬದಿಗೆ ಬೇರೆ ಬೇರೆ ಹಲ್ಲಿನ ಚಕ್ರ ಹಾಕಿಕೊಂಡು, ಬೆಟ್ಟದ ಬುಡದಲ್ಲಿ ಇಳಿದು, ಗಾಲಿ ಬಿಚ್ಚಿ, ತಿರುಗಿಸಿ ಹಾಕಿಕೊಳ್ಳುತ್ತಿದ್ದರು.

ಅದೇ ಕಾಲದಲ್ಲಿ ಅದೇ ದೇಶದ ಸಾಂತೆತಿಯೆನ್ ಎಂಬ ಊರಿನಲ್ಲಿ ಪಾಲ್ ದ ವಿವಿ ಎಂಬುವರಿದ್ದರು. 1853ರಲ್ಲಿ ಹುಟ್ಟಿದ ಅವರು ವೆಲೊಸಿಯೊ ಎಂಬ ಹೆಸರಿನಲ್ಲಿ ಬರೆಯುತ್ತ, ಸೈಕಲ್ ಪತ್ರಿಕೆಯೊಂದನ್ನು ನಡೆಸುತ್ತ, ಬೆಟ್ಟದ ಸೀಮೆಗೆ ಹಲವು ಗೇರುಗಳೇ ಬೇಕು ಎಂದು ವಾದಿಸುತ್ತಿದ್ದರು. ವಾದಿಸುವುದಷ್ಟೇ ಅಲ್ಲ, ಮುಪ್ಪಿನಲ್ಲೂ ಬೆಟ್ಟ ಹತ್ತಿ ತೋರಿಸುತ್ತಿದ್ದರು. ಕೊನೆಗೆ ಗೆದ್ದದ್ದು ಅವರ ವಾದ. ಇಂದು ಜಗತ್ತಿನ ಅತಿ ಬಲಿಷ್ಠ ಸವಾರರೂ ಬೆಟ್ಟದ ದಿನ ಹಿಂದೆ 30, 34 ಹಲ್ಲಿನ ಚಕ್ರ ಹಾಕಿಕೊಳ್ಳುತ್ತಾರೆ. ಮಡಿಕೇರಿಯ ಏರಿನಲ್ಲಿ ಬಸ್ಸಿನ ಚಾಲಕ ಎರಡನೇ ಗೇರಿಗೆ ಇಳಿದರೆ ಯಾರಾದರೂ ನಗುತ್ತಾರೆಯೆ? ಇಳಿಯದಿದ್ದರೆ ಗಾಬರಿಯಾಗುತ್ತಾರೆ!

ಅಂಗಡಿಯಲ್ಲಿ ಏನು ಕೇಳಬೇಕು?

ರಾಜ್ಯ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯವರಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭಿಸಿತು. ಹಾಗೆ ಬಂದ ಸೈಕಲ್ಲುಗಳಲ್ಲಿ ಎಷ್ಟೋ ಇಂದು ಅಪ್ಪಂದಿರ ಕೈಯಲ್ಲಿವೆ. ಅವು ಒಂದೇ ಗೇರಿನವು. ಅವನ್ನು ಎಸೆಯಬೇಕಿಲ್ಲ. ಹಿಂದಿನ 18 ಹಲ್ಲಿನ ಫ್ರೀವೀಲ್ ತೆಗೆಸಿ 20 ಅಥವಾ 22 ಹಲ್ಲಿನದನ್ನು ಹಾಕಿಸಬಹುದು. 44ಕ್ಕೆ 22 ಆದರೆ ಅನುಪಾತ 2. ಪೆಡಲಿನ ಮೇಲಿನ ಬಲ ಶೇಕಡಾ 18ರಷ್ಟು ಇಳಿಯುತ್ತದೆ. ಚೈನಿಗೆ ಒಂದೆರಡು ಕೊಂಡಿ ಸೇರಿಸಬೇಕಾಗಬಹುದು. ಸಮತಟ್ಟು ರಸ್ತೆಯಲ್ಲಿ ವೇಗ ಸ್ವಲ್ಪ ತಗ್ಗುತ್ತದೆ. ಡೇರಿಗೆ ಎರಡು ನಿಮಿಷ ತಡವಾದರೆ ಹಾಲೇನೂ ಒಡೆಯುವುದಿಲ್ಲ.

ಹೊಸದನ್ನು ಕೊಳ್ಳುವವರು ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ 'ಎಷ್ಟು ಗೇರು?' ಎಂಬುದು. ಆ ಪ್ರಶ್ನೆಯೇ ಸರಿಯಲ್ಲ. 21 ಗೇರ್ ಎಂದರೆ ಮುಂದಿನ ಮೂರು ಚಕ್ರ ಗುಣಿಸು ಹಿಂದಿನ ಏಳು. ಅವುಗಳಲ್ಲಿ ಹಲವು ಒಂದೇ. ಮುಂದೆ 42, ಹಿಂದೆ 28 ಹಾಕಿದರೆ ಅನುಪಾತ 1.5. ಮುಂದೆ 24, ಹಿಂದೆ 16 ಹಾಕಿದರೂ 1.5. ಕೇಳಬೇಕಾದ ಪ್ರಶ್ನೆ ಬೇರೆ: ಮುಂದಿನ ಅತಿ ಚಿಕ್ಕ ಚಕ್ರದಲ್ಲಿ ಎಷ್ಟು ಹಲ್ಲು, ಹಿಂದಿನ ಅತಿ ದೊಡ್ಡ ಚಕ್ರದಲ್ಲಿ ಎಷ್ಟು? ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಬಂದ ಸಂಖ್ಯೆ ಚಿಕ್ಕದಾದಷ್ಟೂ ಏರು ಸುಲಭ. ಮುಂದೆ 44ರ ಒಂದೇ ಚಕ್ರವಿದ್ದು ಹಿಂದೆ 28ರವರೆಗೆ ಏಳು ಚಕ್ರವಿರುವ ಸೈಕಲ್ಲಿನ ಅತಿ ಚಿಕ್ಕ ಗೇರ್ 1.57. ಏಳು ಗೇರ್ ಇದ್ದೂ ಏರಿನಲ್ಲಿ ಕಷ್ಟವೇ.

ಬಾಗಿದ ಹ್ಯಾಂಡಲಿನ, ಸಪೂರ ಟೈರಿನ ರೋಡ್ ಬೈಕುಗಳನ್ನು ಈಗ ಮೈಸೂರಿನಲ್ಲಿ ಕೊಳ್ಳುವವರು ಹೆಚ್ಚಾಗಿದ್ದಾರೆ. ಹಳೆಯ ರೇಸ್ ಸೈಕಲ್ಲುಗಳಲ್ಲಿ ಮುಂದೆ 53 ಮತ್ತು 39, ಹಿಂದೆ ಹೆಚ್ಚೆಂದರೆ 25 ಹಲ್ಲು ಇರುತ್ತಿತ್ತು. ಅತಿ ಚಿಕ್ಕ ಗೇರ್ 1.56. ಅದು ಎಳೆಯ ರೇಸ್ ಸವಾರರ ಗೇರ್. ಈಗ ಮುಂದೆ 50 ಮತ್ತು 34 ಹಲ್ಲಿನವು ಸಾಮಾನ್ಯ. ಹಿಂದೆ 28 ಇದ್ದರೆ 1.21, 34 ಇದ್ದರೆ ಸರಿಯಾಗಿ 1. ನನಗೂ ಐವತ್ತು ದಾಟಿದೆ. ನನ್ನ ಅಳತೆ ಇಷ್ಟು: ನಮ್ಮ ದಿಣ್ಣೆಗಳಿಗೆ ಎಳೆಯರಾದರೆ 1.2 ಸಾಕು, ಐವತ್ತು ದಾಟಿದವರಿಗೆ 1 ಅಥವಾ ಅದಕ್ಕಿಂತ ಕಡಿಮೆ, ಸಾಮಾನು ಹೇರಿಕೊಂಡು ಘಾಟಿ ಹತ್ತುವವರಿಗೆ 0.8ರ ಸುಮಾರು. ಈಗಾಗಲೇ ಇರುವ ಸೈಕಲ್ಲಿಗೆ ಹಿಂದೆ ದೊಡ್ಡ ಚಕ್ರ ಹಾಕಿಸುವ ಮೊದಲು, ಚೈನನ್ನು ಸರಿಸುವ ಡಿರೇಲರ್ ಅಷ್ಟು ದೊಡ್ಡ ಚಕ್ರವನ್ನು ತಾಳುತ್ತದೆಯೇ ಎಂದು ಮೆಕ್ಯಾನಿಕ್‌ನನ್ನು ಕೇಳಿ. ಎಲ್ಲವೂ ತಾಳುವುದಿಲ್ಲ.

ಗೇರನ್ನು ಆರಿಸುವಾಗ ಸರಾಸರಿ ರಸ್ತೆಯನ್ನು ನೋಡಬೇಡಿ, ದಾರಿಯ ಅತಿ ಕಡಿದಾದ ಏರನ್ನು ನೋಡಿ. 2008ರಲ್ಲಿ ಆರಂಭವಾದ ಟೂರ್ ಆಫ್ ನೀಲಗಿರೀಸ್ ಸೈಕಲ್ ಯಾತ್ರೆಯ ಸವಾರರ ದಾರಿಯಲ್ಲಿ ನೂರಾರು ಕಿಲೋಮೀಟರ್ ಬಯಲು ಇರುತ್ತದೆ. ಆದರೆ ಅವರು ಗೇರ್ ಹಾಕಿಸಿಕೊಳ್ಳುವುದು ಮಸಿನಗುಡಿಯಿಂದ ಊಟಿಗೆ ಹತ್ತುವ, 36 ತಿರುವುಗಳ ಕಲ್ಹಟ್ಟಿ ಘಾಟಿಯನ್ನು ನೆನೆದು.

ಏರಿನಲ್ಲಿ ನೆನಪಿಡಬೇಕಾದ್ದು

ಗೇರನ್ನು ಏರು ಶುರುವಾಗುವ ಮೊದಲೇ ಬದಲಾಯಿಸಿ. ಚೈನಿನ ಮೇಲೆ ಪೂರ್ತಿ ಭಾರ ಬಿದ್ದ ಮೇಲೆ ಬದಲಾಯಿಸಿದರೆ ಅದು ಕಟಕಟ ಸದ್ದು ಮಾಡಿ ತಪ್ಪಿಸಿಕೊಳ್ಳುತ್ತದೆ. ಹದಿನೈದು ಸೆಕೆಂಡಿನಲ್ಲಿ ಬಲಮಂಡಿ ಎಷ್ಟು ಸಲ ಮೇಲೆ ಬಂತು ಎಣಿಸಿ ನಾಲ್ಕರಿಂದ ಗುಣಿಸಿದರೆ ನಿಮಿಷದ ಸುತ್ತು ಸಿಗುತ್ತದೆ. ಏರಿನಲ್ಲಿ 60ರಿಂದ 75 ಸುತ್ತು ಸಾಮಾನ್ಯ ಸವಾರನಿಗೆ ಹಿತ. 50ಕ್ಕಿಂತ ಇಳಿದರೆ ಇನ್ನೊಂದು ಚಿಕ್ಕ ಗೇರಿಗೆ ಹೋಗಿ. ಹಾಗೆಂದು ಚಿಕ್ಕ ಗೇರಿನಲ್ಲಿ ತೀರ ಗಿರಗಿರನೆ ತಿರುಗಿಸಿದರೆ ಸ್ನಾಯು ಉಳಿಸಿದ್ದನ್ನು ಉಸಿರು ಕಳೆಯುತ್ತದೆ. ಪಕ್ಕದವರೊಡನೆ ಒಂದು ಪೂರ್ತಿ ವಾಕ್ಯ ಮಾತನಾಡಲು ಆಗುತ್ತಿದ್ದರೆ ವೇಗ ಸರಿಯಾಗಿದೆ. ಎದೆನೋವು, ಹೃದಯದ ಕಾಯಿಲೆ, ಹಳೆಯ ಮಂಡಿನೋವು ಇದ್ದವರು ಏರಿಗೆ ಹೊರಡುವ ಮೊದಲು ವೈದ್ಯರನ್ನು ಕಾಣಬೇಕು.

ತಂದೆತಾಯಿಯರಿಗೆ ಇನ್ನೊಂದು ಮಾತು. 'ಇನ್ನೂ ಬೆಳೆಯುತ್ತಾನೆ' ಎಂದು ಹನ್ನೆರಡರ ಮಗುವಿಗೆ ದೊಡ್ಡ ಸೈಕಲ್ ಕೊಡಿಸುವ ಪದ್ಧತಿ ನಮ್ಮಲ್ಲಿದೆ. ಆ ಮಗುವಿನ ಕಾಲಿನಲ್ಲೂ ದೊಡ್ಡವರ ಬಲವಿಲ್ಲ. ಏರಿನ ಮಟ್ಟಿಗೆ ಹನ್ನೆರಡರ ಮೊಮ್ಮಗಳಿಗೂ ಅರವತ್ತರ ತಾತನಿಗೂ ಬೇಕಾದ್ದು ಒಂದೇ ಬಗೆಯ ಗೇರ್. ಒಬ್ಬರಿಗೆ ಬಲ ಇನ್ನೂ ಬಂದಿಲ್ಲ, ಇನ್ನೊಬ್ಬರಿಗೆ ಇಳಿಯುತ್ತಿದೆ.

ವಿದ್ಯಾರ್ಥಿಗಳಿಗೆ ಈ ವಾರದ ಕೆಲಸ. ಗಾರೆ ಕೆಲಸದವರಲ್ಲಿ ರಸಮಟ್ಟ ಕೇಳಿ ಪಡೆಯಿರಿ. ಒಂದು ಮೀಟರ್ ಉದ್ದದ ನೇರ ಪಟ್ಟಿಯನ್ನು ನಿಮ್ಮೂರಿನ ಏರಿನ ಮೇಲಿಟ್ಟು, ರಸಮಟ್ಟ ಸರಿಯಾಗುವವರೆಗೆ ಕೆಳತುದಿಯನ್ನು ಎತ್ತಿ. ಕೆಳತುದಿ ನೆಲದಿಂದ ಎಷ್ಟು ಸೆಂಟಿಮೀಟರ್ ಮೇಲಿದೆಯೋ ಏರು ಅಷ್ಟು ಶೇಕಡಾ. ನಾಲ್ಕೈದು ಕಡೆ ಅಳೆಯಿರಿ, ವಾಹನ ಬರುವ ರಸ್ತೆಯಾದರೆ ದೊಡ್ಡವರೊಬ್ಬರು ಜೊತೆಗಿರಲಿ. ಬಳಿಕ ಮನೆಯ ಸೈಕಲ್ಲಿನ ಹಲ್ಲು ಎಣಿಸಿ, ಅದನ್ನು ತುಳಿಯುವವರ ತೂಕ ಕೇಳಿ, ಮೇಲಿನ ಲೆಕ್ಕವನ್ನು ನೀವೇ ಮಾಡಿ. ಪೆಡಲಿನ ಮೇಲೆ ಎಷ್ಟು ಕಿಲೋ ಬೀಳುತ್ತದೆ ಎಂಬ ಉತ್ತರ ಬಂದ ಮೇಲೆ ಆ ಚೀಟಿಯನ್ನು ಅಪ್ಪನ ಕೈಗೆ ಕೊಡಿ. ಸೈಕಲ್ ಶಾಪಿಗೆ ಹೋಗುವಾಗ ಅವರಿಗೆ ಅದು ಬೇಕಾಗುತ್ತದೆ.